ಬೀಗದ ಕೈಯವಳು ಹೇಲೊಕನಿಗೆ ಹೇಳಿದ್ದು

ಏಳಪ್ಪಾ ಹೇಲೊಕ್, ಬೆಳಕು ಹರಿಯಿತು.
ಇಳಿತದ ನೀರು ಮೈಲಿ ದೂರ ಸರಿದು
ದೋಣಿಗಳೆಲ್ಲ ಕೆಸರಲ್ಲಿ ಮಗ್ಗುಲಾಗಿ ಬಿದ್ದಿವೆ.
ನಿನ್ನ ಗಾಜಿನ ಪೆಟ್ಟಿಗೆ ಒರೆಸಲು ನಾನೇ, ಗ್ವೆನೋಲ.
ನನಗೆ ಮೊದಲು ನಮ್ಮತ್ತೆ ಒರೆಸಿದಳು ನಲವತ್ತು ವರ್ಷ,
ಅವಳಿಗೆ ಮೊದಲು ಅವಳತ್ತೆ.
ಸೊಸೆಗೆ ಬಂದದ್ದು ಒಡವೆಯಲ್ಲ, ಈ ಬೀಗದ ಕೈ.

ಪೆಟ್ಟಿಗೆಯಲ್ಲಿ ನೀನಿರುವುದಾದರೂ ಎಷ್ಟು?
ಒಂದು ಮುಂಗೈ ಮೂಳೆ, ಮೂರು ಹಲ್ಲು,
ಕೆಂಪು ದಾರ ಸುತ್ತಿದ ಚೀಟಿ.
ಮಿಕ್ಕ ನಿನ್ನನ್ನು ಹಂಚಿಕೊಂಡರಂತೆ ಎರಡೂರಿನವರು,
ದಾಯಾದಿಗಳು ಗದ್ದೆ ಹಂಚಿಕೊಂಡ ಹಾಗೆ,
ಬದುವಿಗೂ ಜಗಳ ಬಿಡದೆ.

ಯಾರೂ ಬೇಡವೆಂದೇ ತಾನೆ ನೀನು
ಹತ್ತೊಂಬತ್ತಕ್ಕೆ ಆ ದಿಬ್ಬ ಹತ್ತಿದ್ದು?
ದಿನಕ್ಕೆರಡು ಸಲ ಕಡಲೇ ಬಂದು ಕದ ಹಾಕುತ್ತಿತ್ತು,
ಅದಕ್ಕಿಂತ ಒಳ್ಳೆ ಅಗುಳಿ ಉಂಟೆ.
ಬಂಡೆಗಂಟಿದ ಚಿಪ್ಪುಹುಳ, ಹಿಡಿ ಬಾರ್ಲಿ,
ಮಳೆನೀರು ನಿಲ್ಲುವ ಒಂದು ಕಲ್ಲುಕುಳಿ.
ಗುರುಗಳು ಕೊಟ್ಟ ಗಂಟೆಯ ನಾಲಗೆಯನ್ನೂ
ಕಿತ್ತು ನೀರಿಗೆಸೆದೆಯಂತೆ,
ದೇವರಿಗೆ ಕೇಳಿಸಲು ಸದ್ದು ಬೇಕಿಲ್ಲ, ಎಂದು.

ಆಮೇಲೆ ಆ ಮಂಜಿನ ರಾತ್ರಿ.
ಉಪ್ಪಿನ ಮಡಿಯ ಹುಡುಗನೊಬ್ಬ ದಾರಿ ತಪ್ಪಿ,
ಭರತ ಏರುತ್ತಾ, ಅವನ ಕೂಗು
ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ.
ನೀನು ಗಂಟೆ ತಂದು ಕಲ್ಲಿನಿಂದ ಬಡಿದೆ.
ಬೆಳಗಿನವರೆಗೆ ಬಡಿದೆ, ಅಂಗೈ ಸುಲಿದುಹೋಗುವಷ್ಟು.
ಸದ್ದು ಹಿಡಿದು ಹುಡುಗ ಬಂದ.
ಅದೇ ಸದ್ದು ಹಿಡಿದು ಊರೂ ಬಂತು.

ಬಿಷಪ್ ಸತ್ತು ವರ್ಷವಾಗಿತ್ತು, ಪೀಠ ಖಾಲಿ.
ಬೇಡ ಬೇಡವೆಂದವನ ಕೊರಳಿಗೇ ಹಾರ.
ಮೂರು ಸಲ ಓಡಿದೆ, ನಾಲ್ಕನೆಯ ಸಲ
ಉಪ್ಪಿನ ಗಾಡಿಯಲ್ಲಿ, ಹಗ್ಗ ಬಿಗಿದು,
ಮೂಟೆಗಳ ನಡುವೆ ಇನ್ನೊಂದು ಮೂಟೆಯಾಗಿ ಹೋದೆ.

ಕಡಲಿಗೆ ಮೂರು ದಿನದ ದಾರಿಯ ಊರು.
ಹಸುವಿನ ವ್ಯಾಜ್ಯ, ಬಸುರಿಯ ಕಣ್ಣೀರು,
ಜುದಿಕೆಲ್ ದೊರೆಯ ಉಪ್ಪುಸುಂಕ.
ಸಹಿ ಹಾಕೆಂದರೆ ಆ ಓಲೆಯ ಮೇಲೆ
ಅವನೆದುರೇ ಮೀನು ಕೊಯ್ದೆಯಂತೆ.
ಆದರೂ ದಿನಕ್ಕೆರಡು ಹೊತ್ತು
ಏಳುತ್ತಿದ್ದೆ, ಮಾತು ಅರ್ಧಕ್ಕೆ ಬಿಟ್ಟು,
ಕದ ಹಾಕುತ್ತಿದ್ದೆ. ಇವತ್ತಿನ ಹೊತ್ತು ನಾಳೆ ಇಲ್ಲ,
ನಾಳೆಯದು ನಾಡಿದ್ದಿಲ್ಲ; ಕಾದವರು ಬೈದರು,
ಹುಚ್ಚೆಂದರು, ಜಂಬವೆಂದರು.
ಉಪ್ಪು ಮಾರಲು ಹೋದ ನಮ್ಮೂರ ಮುದುಕಿಯೊಬ್ಬಳು
ಮೆಟ್ಟಿಲ ಮೇಲೆ ಕೂತು ಬೆರಳು ಮಡಿಸಿ ಲೆಕ್ಕ ಹಾಕಿ ನಕ್ಕಳು:
ಅಯ್ಯೋ ಮಂಕುಗಳಾ, ಅಲ್ಲಿ ಈಗ ನೀರೇರಿದೆ.

ಈಗ ನಿನ್ನ ಗಂಟೆಯನ್ನು
ಮಾತು ಬಾರದ ಮಕ್ಕಳ ತಲೆಗೆ ಟೋಪಿಯಂತೆ ಇಡುತ್ತೇವೆ.
ಕೆಲವರಿಗೆ ಮಾತು ಬಂದದ್ದುಂಟು.
ಬಾರದವರ ತಾಯಂದಿರು ಮುಂದಿನ ವರ್ಷವೂ ಬರುತ್ತಾರೆ.

ನನ್ನ ತಾಂಗಿ ಹೋದದ್ದೂ ಮಂಜಿನಲ್ಲೇ.
ಆ ರಾತ್ರಿ ನಾನೂ ಇದೇ ಗಂಟೆ ಹೊತ್ತೊಯ್ದು
ದಂಡೆಯಲ್ಲಿ ನಿಂತು ಬಡಿದೆ, ಕಲ್ಲು ಒಡೆಯುವವರೆಗೆ.
ಯಾರೂ ಬರಲಿಲ್ಲ.
ಆಮೇಲೆ ಒಂದು ವರ್ಷ ನಿನ್ನನ್ನು
ಗೋಡೆಗೆ ಮುಖ ಮಾಡಿ ಇಟ್ಟಿದ್ದೆ, ನೆನಪಿದೆಯೇ?
ಪಾದ್ರಿಗೆ ಹೇಳಿದ್ದು, ಗಾಜಿಗೆ ಬಿಸಿಲು ಆಗದು ಅಂತ.
ನೀನೂ ಸುಮ್ಮನಿದ್ದೆ.
ನಿನಗೆ ಒಂದಿಷ್ಟು ಹಾಯೆನಿಸಿರಬೇಕು
ಎಂದು ಹೊಳೆದದ್ದು ಬಹಳ ತಡವಾಗಿ.

ಇವತ್ತು ನಿನ್ನ ಹಬ್ಬ. ಹೊರಗಾಗಲೇ ಬಾವುಟಗಳು,
ಹೊಸ ಬೂಟು ಕಚ್ಚಿ ಅಳುವ ಕೂಸು,
ಬೆಣ್ಣೆಯಲ್ಲಿ ಬೇಯುವ ರೊಟ್ಟಿಯ ವಾಸನೆ.
ಪಾದ್ರಿ ಕದ ಬಡಿಯುತ್ತಿದ್ದಾನೆ.
ಬೀಗ ತುಕ್ಕು ಹಿಡಿದಿದೆ ಎಂದು ಒಳಗಿಂದಲೇ ಕೂಗಿದ್ದೇನೆ.

ನೀರು ತಿರುಗಿತು, ಕೇಳಿಸಿತೇ?
ದಿಬ್ಬದ ಸುತ್ತ ಹೊತ್ತಿಗೆ ಸರಿಯಾಗಿ ಏರುತ್ತಿದೆ.
ನಾನು ಮಾತಾಡುವುದಿಲ್ಲ,
ಇಲ್ಲೇ ಮೂಲೆಯಲ್ಲಿ ಕೂತು ಬಟ್ಟೆ ಮಡಿಸುತ್ತೇನೆ.
ಕಾಯಲಿ ಅವರು.